ಅಧಿಕಾರ ಬರೆಯಲು ಹೋಗಿ

ಗೆಳೆಯರೇ, ನಾನು ಬರೆದ ಗೋಡೆ ನನ್ನ ಮೇಲೆಯೇ ಬಿದ್ದಂತೆ ಬೆಳಗಿನ ಜಾವ ಕನಸು ಬಿತ್ತು. ಹೆದರುತ್ತಲೇ ಕಳಲೆ ಊರಿಗೆ ಗೋಡೆ ಬರೆಯಲು ಹೋದೆ. ತಾಲ್ಲೂಕು ಬೋರ್ಡ್ ಚುನಾವಣೆಗೆ ನಿಂತಿರುವ ಪುಟ್ಟಣ್ಣನವರು ಇಷ್ಟು ದಿನ ನನ್ನಿಂದ ಗೋಡೆಗಳ ಮೇಲೆ ಬರೆಸಿದ್ದು ಒಂದೇ ಮಾತು: ‘ನಂಜಪ್ಪನಿಗೆ ಧಿಕ್ಕಾರ’. ಇವತ್ತು ಮೊದಲ ಸಲ ‘ಪುಟ್ಟಣ್ಣನಿಗೆ ಅಧಿಕಾರ’ ಎಂದು ಬರೆಯಲು ಹೇಳಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ರೂಢಿಯಂತೆ ‘ಪುಟ್ಟಣ್ಣನಿಗೆ ಧಿಕ್ಕಾರ’ ಎಂದು ಬರೆದುಬಿಟ್ಟಿತು.

ಅದೇ ಹೊತ್ತಿಗೆ ಎದುರಾಳಿ ನಂಜಪ್ಪನವರು ಸೈಕಲ್ ಇಳಿದು ನಿಂತು ನಕ್ಕರು. “ಇವತ್ತೊಂದ್ ನಿಜ ಬರ್ದೆ ಕಣ್ಲಾ!”

ಹಿಂದೆಯೇ ಪುಟ್ಟಣ್ಣನವರೂ ಬಂದರು. “ಲೇ, ಆ ಕಳ್ಳನ್ ಕಡೆ ಸೇರ್ಕಂಡ್ಯೇನ್ಲಾ?”

“ಇಲ್ಲ ಸಾ, ಕೈ ತಪ್ಪೋಯ್ತು. ಈಗ್ಲೇ ಸುಣ್ಣ ಒಡ್ದು ಅಧಿಕಾರ ಅಂತ ಬರೀತೀನಿ,” ಎಂದೆ.

ಪುಟ್ಟಣ್ಣನವರು ಗೋಡೆಯನ್ನೇ ದಿಟ್ಟಿಸಿದರು. “ಧಿಕ್ಕಾರ ಚೆಂದಾಗ್ ಬಂದದೆ, ಅದನ್ಯಾಕ್ ಅಳ್ಸೀಯೆ? ನನ್ನೆಸ್ರು ಅಳ್ಸಿ ಅವನೆಸ್ರು ಬರಿ.”

ಹಾಗೇ ಮಾಡಿದೆ. ಅಧಿಕಾರ ಮಾತ್ರ ಯಾರಿಗೂ ಸಿಗಲಿಲ್ಲ. ಸುಣ್ಣ ಒಣಗಿದ ಮೇಲೆ ಹಳೆಯ ಹೆಸರು ಇಣುಕುತ್ತದೆಯೇನೋ ಎಂಬ ಚಿಂತೆ ಈಗ. ಆ ಕಡೆ ಹೋಗುವವರು, ಧಿಕ್ಕಾರ ಯಾರಿಗೆ ಎಂದಿದೆ, ಇನ್ನೊಮ್ಮೆ ನೋಡಿ ಹೇಳಿ.