ಸಾಮಿಗೆ ಬಿಟ್ಟ ಸೆವಲೆ

ಪೆರಿಯಸಾಮಿಯಣ್ಣನ ಮಾತು ಬಂದರೆ ಜನ ಮೊದಲು ಅವನ ಗಾಡಿಯ ಓಟ ನೆನೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಅವನ ಬೈಗುಳ. ಎತ್ತಿನ ಮೇಲೆ ಅವನು ಕೋಲೆತ್ತಿದ್ದನ್ನು ನಾನು ಕಂಡಿಲ್ಲ. ಆದರೆ ದಾರಿಗೆ ಅಡ್ಡ ಬಂದ ಮನುಷ್ಯರಿಗೆ ಅವನು ಆಡುತ್ತಿದ್ದ ಮಾತು ಬರೆಯುವಂಥದ್ದಲ್ಲ. ಗಾಡಿಯಲ್ಲಿ ಮಲಗಿದವರಿಗೆ ಮೇಲುಸಿರು ಹತ್ತಿರುವಾಗ ಎದುರಿನವನು ಹುಲ್ಲಿನ ಹೊರೆ ಸರಿಮಾಡುತ್ತ ನಿಂತರೆ ಇನ್ನೇನು, ಲಾಲಿ ಹಾಡಬೇಕೇ?

ನಮ್ಮದು ಕಂಬಂ ಕಣಿವೆಯ ಪಡುವಣ ಬೆಟ್ಟದ ಬುಡದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಬೆಟ್ಟ ಕೊರೆದು ಆಚೆಯ ನೀರನ್ನು ಈಚೆಗೆ ತಿರುಗಿಸಿದ ಮೇಲೆ ಮುಲ್ಲೈ ಹೊಳೆ ಬೇಸಿಗೆಯಲ್ಲೂ ಬತ್ತಲಿಲ್ಲ. ಎರಡು ಬೆಳೆ ಬಂತು, ಎಲ್ಲರೂ ಹಿಗ್ಗಿದರು. ಅದರ ಹಿಂದೆಯೇ ಚಳಿಜ್ವರ ಬಂತು, ವಾಂತಿಭೇದಿ ಬಂತು. ಸರ್ಕಾರದ ಆಸ್ಪತ್ರೆ ಇದ್ದದ್ದು ಹೊಳೆಯಾಚೆಯ ಪೇಟೆಯಲ್ಲಿ. ಊರಿಂದ ಆಳು ಓಡಿಹೋಗಿ ಕರೆದರೆ ಅಲ್ಲಿಯ ಡಾಕ್ಟರು, ಮೇಲಿನವರ ಅಪ್ಪಣೆ ಬರದೆ ಪೇಟೆ ಬಿಟ್ಟು ಕದಲುವಂತಿಲ್ಲ ಎನ್ನುತ್ತಿದ್ದ. ಅಪ್ಪಣೆ ಬಂದು, ಅವನು ಕುದುರೆ ಏರಿ ನಮ್ಮೂರು ಮುಟ್ಟುವ ಹೊತ್ತಿಗೆ ನಾವು ಸುಡುಗಾಡಿನಿಂದ ಬಂದು ತಲೆಗೆ ನೀರು ಹಾಕಿಕೊಂಡಿರುತ್ತಿದ್ದೆವು.

ಊರು ಹುಣಿಸೆಮರದ ಕೆಳಗೆ ಸೇರಿ ಆ ಡಾಕ್ಟರನ್ನು ಬಾಯಿಗೆ ಬಂದಂತೆ ಬೈಯಿತು. ಎಲ್ಲರಿಗಿಂತ ಹೆಚ್ಚು ಬೈದವರು ಊರ ಹಿರಿಯ ಕಂದಸಾಮಯ್ಯ. ಆ ವರ್ಷ ಅವರ ತಮ್ಮ ಸತ್ತಿದ್ದ. "ಉಸಿರು ಹೋಗೋ ಹೊತ್ನಲ್ಲಿ ಉತ್ತರವು ಕಾಯ್ತಾನಲ್ಲ, ಅವನೂ ಒಂದು ಮನ್ಸನಾ?" ಎಂದು ಅವರು ಅಂದದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನಮ್ಮ ಮನೆಮಾತಿನಲ್ಲಿ ಉತ್ತರವು ಎಂದರೆ ಅಪ್ಪಣೆ.

ಡಾಕ್ಟರು ಬರದಿದ್ದರೆ ಬೇಡ, ಕಾಯಿಲೆಯವರನ್ನೇ ಅಲ್ಲಿಗೆ ಒಯ್ಯೋಣ ಎಂದು ತೀರ್ಮಾನವಾಯಿತು. ಆ ಕೆಲಸ ಪೆರಿಯಸಾಮಿಯಣ್ಣನ ಪಾಲಿಗೆ ಬಂತು. ಅವನ ಹೊಲವನ್ನು ಊರವರು ಸರದಿಯ ಮೇಲೆ ಉತ್ತುಕೊಡುವುದು, ಅವನ ಜೋಡಿಯನ್ನು ನೇಗಿಲಿಗೆ ಹೂಡದೆ ಕರೆದಾಗ ಹೊರಡುವಂತೆ ಇಟ್ಟುಕೊಳ್ಳುವುದು. ಹೆಂಡತಿ ತೀರಿಕೊಂಡು, ಇದ್ದೊಬ್ಬ ಮಗಳು ತಿಲಗವತಿಯನ್ನು ಆಂಡಿಪಟ್ಟಿಗೆ ಕೊಟ್ಟ ಮೇಲೆ ಅವನಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ಊಟವನ್ನೂ ಗಾಡಿಯ ನೆರಳಲ್ಲೇ ಮಾಡುತ್ತಿದ್ದ.

ಜೋಡಿಯಲ್ಲಿ ಒಂದು ಕರಿಯ, ಇನ್ನೊಂದು ಕೆಂಚು ಬಣ್ಣದ ಸೆವಲೆ. ಕರಿಯ ಒಳ್ಳೆಯ ಎತ್ತು, ಅಷ್ಟೆ. ಸೆವಲೆಯದೇ ಬುದ್ಧಿ. ಅಣ್ಣ ನಾಲಿಗೆಯಲ್ಲಿ ಒಮ್ಮೆ ಟಕ್ಕೆಂದರೆ ಸಾಕು, ತಾನೇ ಬಂದು ನೊಗದ ಕೆಳಗೆ ಕತ್ತು ಒಡ್ಡುತ್ತಿತ್ತು. ಹೊಳೆಯಲ್ಲಿ ನೀರು ಎದೆಮಟ್ಟ ಇದ್ದರೂ ಕಾಲಿಗೆ ಗಟ್ಟಿ ನೆಲ ಹುಡುಕಿಕೊಂಡು ಗಾಡಿಯನ್ನು ಆಚೆಗೆ ಎಳೆಯುತ್ತಿತ್ತು. ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದಿದ್ದ ನನ್ನ ಅತ್ತೆಯನ್ನು ಹಾಗೆ ದಾಟಿಸಿ ಬದುಕಿಸಿದ್ದು ಅವರಿಬ್ಬರೇ, ಅಣ್ಣ ಮತ್ತು ಸೆವಲೆ. ಅತ್ತೆಯ ಹಾಗೆ ಇನ್ನೂ ಎಷ್ಟೋ ಜನ ಉಳಿದರು.

ಬೇನೆ ಹೋಯಿತು. ಆಗ ನಮ್ಮವರಿಗೆ ಭಕ್ತಿ ಉಕ್ಕಿತು, ಅಲ್ಲಿಗೆ ಎಲ್ಲ ಕೆಟ್ಟಿತು. ನಮ್ಮ ಕುಲದವರಿಗೆ ಸಾಮಿ ಮಂದೆ ಅಂತ ಒಂದಿದೆ. ದೇವರಿಗೆ ಬಿಟ್ಟ ದನಗಳ ಹಿಂಡು ಅದು. ಅವುಗಳ ಹಾಲು ಕರೆಯುವುದಿಲ್ಲ, ಕತ್ತಿಗೆ ನೊಗ ಇಡುವುದಿಲ್ಲ. ಊರನ್ನು ಉಳಿಸಿದ ಸೆವಲೆ ಬರೀ ಎತ್ತಲ್ಲ, ಅದರೊಳಗೆ ಸಾಮಿಯೇ ಇದ್ದಾನೆ, ಇನ್ನು ಅದರ ಕೈಲಿ ಗಾಡಿ ಎಳೆಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಮಾತು ಹುಟ್ಟಿತು. ಮಂದೆಗೆ ಬಿಟ್ಟುಬಿಡೋಣ ಎಂದು ಕಂದಸಾಮಯ್ಯ ಹೇಳಿದ್ದೇ ತಡ, ಹೂವಿನ ಮಾಲೆ ಕಟ್ಟಲು ಕೂತವರಲ್ಲಿ ನನ್ನ ಅತ್ತೆಯೇ ಮೊದಲು.

ಅಣ್ಣ ಕೈಮುಗಿದು ಕೇಳಿಕೊಂಡ. "ಅಯ್ಯಾ, ಸಾಮಿಗೆ ಬೇರೆ ಎತ್ತು ತಂದುಬುಡ್ತೀನಿ. ಇದು ಹೋದ್ರೆ ವಂಡಿ ಹೊಳೆ ದಾಟಾಕಿಲ್ಲ." ಬೇರೆ ಎತ್ತನ್ನು ಪಳಗಿಸಿಕೊಂಡರಾಯಿತು, ಈಗ ಯಾರಿಗೇನು ಅವಸರ ಬಂದಿದೆ ಎಂದು ಅವನ ಬಾಯಿ ಮುಚ್ಚಿಸಿದರು. ಬೇನೆ ಇಲ್ಲದ ಊರಿನಲ್ಲಿ ಅವಸರ ಯಾರಿಗೆ ಅರ್ಥವಾಗುತ್ತದೆ? ಸೆವಲೆಯ ಕೊಂಬಿಗೆ ಅರಿಸಿನ ಬಳಿದು, ಕತ್ತಿಗೆ ಮಾಲೆ ಹಾಕಿ ಮಂದೆಗೆ ಅಟ್ಟಿದರು. ಅಣ್ಣ ಆಂಡಿಪಟ್ಟಿಯಿಂದ ತಂದ ಹೊಸ ಎತ್ತು ಒಣನೆಲದ್ದು. ಹೊಳೆ ಕಂಡರೆ ಮಂಡಿಯೂರಿ ಕೂತುಬಿಡುತ್ತಿತ್ತು. ಬೈದ, ಬೆಲ್ಲ ತಿನ್ನಿಸಿದ, ಅದು ಮೇಲೇಳಲಿಲ್ಲ.

ಬಿಸಿಲು ಏರುವ ಮಾಸಿ ತಿಂಗಳಲ್ಲಿ ತಿಲಗವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಾಯಿಯಿಲ್ಲದ ಹುಡುಗಿ, ಅದಕ್ಕೇ ಪಕ್ಕದ ಮನೆಯ ನಾನೇ ಅವಳ ಹತ್ತಿರ ಇದ್ದೆ. ಅವತ್ತು ಹೊತ್ತು ಏರುವ ಮುಂಚೆ ನೋವು ಬಂತು. ನೋಡುತ್ತ ನೋಡುತ್ತ ಸೂಲಗಿತ್ತಿ ವೀರಮ್ಮಾಳ್‌ಳ ಮುಖ ಕಪ್ಪಿಟ್ಟಿತು. ಮಗು ಅಡ್ಡ ತಿರುಗಿತ್ತು, ತಲೆಗಿಂತ ಮೊದಲು ಕೈ ಹೊರಗೆ ಬಂದಿತ್ತು. ಇದು ನನ್ನ ಕೈಮೀರಿತು, ಈಗಲೇ ಒಯ್ದರೆ ತಾಯಿಯಾದರೂ ಉಳಿದಾಳು ಎಂದಳು.

ಅಣ್ಣ ಗಾಡಿಗೆ ಹುಲ್ಲು ಹಾಸಿದ. ಅವಳನ್ನು ಎತ್ತಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅಣ್ಣ ಹೊಸ ಎತ್ತಿನ ಕಡೆ ತಿರುಗಿಯೂ ನೋಡಲಿಲ್ಲ. ಮಂದೆಯ ದನ ಗುಡಿಯ ಮುಂದೆ, ಗಾಡಿ ನಿಂತಿದ್ದ ಹುಣಿಸೆಮರದ ಹತ್ತಿರವೇ ಮೇಯುತ್ತಿದ್ದವು. ನಾಲಿಗೆಯಲ್ಲಿ ಒಮ್ಮೆ ಟಕ್ಕೆಂದ. ಸೆವಲೆ ತಲೆಯೆತ್ತಿತು, ಬಂತು, ಕರಿಯನ ಪಕ್ಕ ನಿಂತು ಕತ್ತು ಬಗ್ಗಿಸಿತು. ಅದಕ್ಕೆ ತಾನು ಸಾಮಿ ಎಂಬುದು ಗೊತ್ತಿದ್ದರೆ ತಾನೇ?

ಕಂದಸಾಮಯ್ಯ ಬಂದು ನೊಗ ಹಿಡಿದರು. "ಸಾಮಿ ಉತ್ತರವು ಕೊಡ್ಲಿ ಪೆರಿಯಸಾಮಿ, ಆಮೇಲೆ ಕಟ್ಟು" ಎಂದರು. ಗುಡಿಯೊಳಗೆ ದೀಪ ಹಚ್ಚಿ ಎಲ್ಲರೂ ಸುಮ್ಮನೆ ನಿಲ್ಲಬೇಕು, ಬಲಗಡೆ ಹಲ್ಲಿ ಲೊಚಗುಟ್ಟಿದರೆ ಸಾಮಿ ಒಪ್ಪಿದ ಹಾಗೆ. ನಮ್ಮಲ್ಲಿ ಮದುವೆಯಾಗಲಿ, ಬಿತ್ತನೆಯಾಗಲಿ, ಅದಿಲ್ಲದೆ ನಡೆಯುವುದಿಲ್ಲ.

ಅಣ್ಣ ಅವರ ಕೈ ತಳ್ಳಿ ಹೊರಡಬಹುದಿತ್ತು. ಯಾಕೆ ತಳ್ಳಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಅವನೂ ನಂಬುವವನೇ. ಅಪ್ಪಣೆ ಇಲ್ಲದೆ ಸಾಮಿಯ ಎತ್ತನ್ನು ಕಟ್ಟಿದರೆ ಸಾಮಿ ಆ ಸಿಟ್ಟನ್ನು ಗಾಡಿಯಲ್ಲಿದ್ದವಳ ಮೇಲೇ ತೀರಿಸಿಕೊಂಡರೆ? ನೊಗದ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಗುಡಿಯ ಬಾಗಿಲನ್ನು ನೋಡುತ್ತ ನಿಂತ. ಲೋಕಕ್ಕೆಲ್ಲ ಬೈಯುವವನು ಅವತ್ತು ಒಂದು ಹಲ್ಲಿಯ ಸದ್ದಿಗೆ ಕಿವಿಗೊಟ್ಟಿದ್ದ.

ಸುಡುಬಿಸಿಲಲ್ಲಿ ಹಲ್ಲಿ ಎಲ್ಲಿ ಲೊಚಗುಟ್ಟುತ್ತದೆ? ನೆರಳು ಗಾಡಿಯ ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಯಿತು. ತಿಲಗವತಿಯ ಕೈ ತಣ್ಣಗಾಗುತ್ತ ಬಂತು, ಹುಲ್ಲೆಲ್ಲ ರಕ್ತದಲ್ಲಿ ಒದ್ದೆ. ನಡುವೆ ಒಮ್ಮೆ ಕಣ್ಣು ಬಿಟ್ಟು ಕೇಳಿದಳು.

"ಅಪ್ಪಾ, ವಂಡಿ ಯಾಕೆ ನಿಂತೈತೆ?"

"ಈಗ ಹೋಯ್ತೀವಿ ಮಗಳೇ" ಎಂದ ಅಣ್ಣ. ಕಂದಸಾಮಯ್ಯ ನೆಲ ನೋಡಿದರು. ಪೇಟೆಯ ಡಾಕ್ಟರನ್ನು ಬೈದ ಬಾಯಿ ಅದೇ, ನಿಂತಿದ್ದ ಹುಣಿಸೆಮರವೂ ಅದೇ.

ಕೊನೆಗೆ ಹಲ್ಲಿ ಲೊಚಗುಟ್ಟಿತು, ಬಲಗಡೆಯೇ. ಸಾಮಿ ಒಪ್ಪಿದ ಎಂದು ಗುಡಿಯೊಳಗೆ ಜನ ಕೆನ್ನೆ ಬಡಿದುಕೊಂಡರು. ಆ ಸದ್ದು ಮುಗಿಯುವ ಮುಂಚೆ ಗಾಡಿ ಊರ ಹೊರಗಿತ್ತು. ಅಣ್ಣ ಹಾಗೆ ಓಡಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸೆವಲೆ ಹೊಳೆಗೆ ಇಳಿಯಿತು, ಹಿಂದಿನಂತೆಯೇ ನೆಲ ಹುಡುಕುತ್ತ ನಡೆಯಿತು. ನಡುನೀರಿನಲ್ಲಿ ತಿಲಗವತಿ ಒಂದು ಉಸಿರು ಎಳೆದುಕೊಂಡಳು, ಬಿಡಲಿಲ್ಲ. ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಅಣ್ಣ ತಿರುಗಿ ನನ್ನ ಮುಖ ನೋಡಿದ, ಅಷ್ಟೇ.

ಆಚೆ ದಡದಲ್ಲಿ ಗಾಡಿ ನಿಲ್ಲಿಸಿ ಇಳಿದ. ಮಗಳ ಕಣ್ಣು ಮುಚ್ಚಿಸಿ, ಸೀರೆ ಸರಿಮಾಡಿದ. ಆಮೇಲೆ ಸೆವಲೆಯ ಕತ್ತಿನ ಹಗ್ಗ ಬಿಚ್ಚಿದ. ಸಾಮಿಯ ಎತ್ತು ಹೆಣ ಎಳೆಯಬಾರದು. ಅದನ್ನು ಹೇಳಲು ಅಲ್ಲಿ ಹಿರಿಯರು ಯಾರೂ ಇರಲಿಲ್ಲ, ಅವನಾಗಿಯೇ ಬಿಚ್ಚಿದ. ಬಿಚ್ಚಿ, ಸೆವಲೆ ನಿಂತಿದ್ದ ಜಾಗದಲ್ಲಿ ನೊಗದ ಕೆಳಗೆ ತನ್ನ ಹೆಗಲು ಕೊಟ್ಟ.

ಬೇಡಣ್ಣ, ಈ ದಾರಿಯಲ್ಲಿ ಯಾರಾದರೂ ಬರುತ್ತಾರೆ, ಒಂದು ಎತ್ತು ಕೇಳೋಣ, ಸ್ವಲ್ಪ ಹೊತ್ತು ಕಾಯೋಣ ಎಂದು ಅಳುತ್ತ ಹೇಳಿದೆ.

"ಇನ್ನೂ ಎಷ್ಟೊತ್ತಮ್ಮಾ ಕಾಯಿಸ್ಲಿ ನನ್ ಮಗಳ್ನ?" ಎಂದ.

ನಾನೂ ಇಳಿದು ಹಿಂದಿನಿಂದ ನೂಕಿದೆ. ಕರಿಯ ಒಂದು ಕಡೆ, ಅಣ್ಣ ಒಂದು ಕಡೆ, ಬಿಸಿಲಿಗೆ ಸೊಂಟಮಟ್ಟಕ್ಕೆ ಇಳಿದಿದ್ದ ಹೊಳೆಯನ್ನು ಹಾಗೆಯೇ ದಾಟಿ ಊರಿಗೆ ಬಂದೆವು. ಅವನ ಹೆಗಲ ಚರ್ಮ ಕಿತ್ತು ನೊಗಕ್ಕೆ ಅಂಟಿತ್ತು. ಸೆವಲೆ ನೀರು ತೊಟ್ಟಿಕ್ಕುವ ಮೈಯಲ್ಲಿ ಗಾಡಿಯ ಹಿಂದೆಯೇ ನಡೆದು ಬಂತು. ಹುಣಿಸೆಮರದ ಕೆಳಗೆ ಜನ ಎದ್ದು ನಿಂತರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಸೆವಲೆಗೆ ಕೈಮುಗಿದರು.