ಆರಾಮಾದ ಮೇಲೆ

ಆ ಮಳೆಗಾಲ ನಮ್ಮ ಓಣಿಯಲ್ಲಿ ಜ್ವರ ಬಾರದ ಮನೆ ಇರಲಿಲ್ಲ. ಕೀಲು ಕೀಲು ಹಿಡಿದುಕೊಳ್ಳುವ ಜ್ವರ. ಮಂದಿಯೆಲ್ಲ ಕುಂಟುತ್ತ ಕುಂಟುತ್ತ ಎದ್ದು ಹೊಲಕ್ಕೆ ಹೋದರು. ನನ್ನ ಜ್ವರವೂ ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡರೆ ಅಷ್ಟಕ್ಕೇ ಇಡೀ ದಿನದ ಶಕ್ತಿ ಮುಗಿದುಹೋಗುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಇದನ್ನು ಕೇಳಿ ಯಾರಾದರೂ "ನಮಗೂ ಸುಸ್ತಾಗ್ತೈತಿ ಬಿಡವಾ" ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದು ಆ ಸುಸ್ತಲ್ಲ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ.

ನಮ್ಮದು ಹೊಸಹಳ್ಳಿ ಕಡೆಯ ಒಕ್ಕಲುತನದ ಮನೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೆಂಗಸರೆಂದರೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಅವಳನ್ನು ಅಕ್ಕ ಎನ್ನುತ್ತಿದ್ದೆ, ಬರೀ ಬಾಯಿಮಾತಿಗಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಂಡನ ಮೇಲೆ ಮುನಿಸಿಕೊಂಡು ಉಣ್ಣದೆ ಕೂತರೆ ಅವಳೇ ತುತ್ತು ಮಾಡಿ ಬಾಯಿಗಿಟ್ಟು, "ಮೊದ್ಲು ಉಣ್ಣು, ಆಮ್ಯಾಲ ಜಗಳಾಡುವಂತಿ. ದನಿನಾದ್ರೂ ಜೋರು ಬರ್ತೈತಿ" ಎನ್ನುತ್ತಿದ್ದಳು. ಸಂಜೆ ಒಲೆಯ ಮುಂದೆ ನಾನು ರೊಟ್ಟಿ ಬಡಿದರೆ ಅವಳು ಬೇಯಿಸುವಳು. ಊರಿನ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ಆಗಬೇಕು.

ಜ್ವರದ ನಂತರ ಬಡಿಯುವುದೂ ಬೇಯಿಸುವುದೂ ಅವಳದ್ದೇ ಆಯಿತು. ನೀರು, ಕಸ, ಎಮ್ಮೆ, ನನ್ನ ಮಗನ ಮೈ ತೊಳೆಯುವುದು, ಎಲ್ಲ ಅವಳೇ. ಕೂಡ್ಲಿಗಿ, ಹರಪನಹಳ್ಳಿ, ಕೊನೆಗೆ ದಾವಣಗೆರೆ, ಹೋದಲ್ಲೆಲ್ಲ ರಕ್ತ ಕೊಟ್ಟು ಬಂದೆ. ರಿಪೋರ್ಟೆಲ್ಲ ನಾರ್ಮಲ್. ಓಣಿಯ ಹೆಂಗಸರು "ಮೈಯಾಗ ಏನೂ ಇಲ್ಲಂತಲ್ಲ, ಮಾರಿ ನೋಡಿದ್ರ ಕಳಿಕಳಿ ಐತಿ" ಎಂದು ಕೆಣಕಿದರೆ ಅಕ್ಕ ಬಿಡುತ್ತಿರಲಿಲ್ಲ. "ಆಕಿಗೆ ಆರಾಮಿಲ್ಲ. ನಿಮ್ಮ ಮನಿಗೆ ಬಂದು ರೊಟ್ಟಿ ಕೇಳ್ಯಾಳೇನು?" ಒಳಗೆ ಮಲಗಿಕೊಂಡು ಇದನ್ನು ಕೇಳಿಸಿಕೊಂಡು ಅಳುತ್ತಿದ್ದೆ. ಒಂದು ದಿನ ಎದ್ದು ಇವಳನ್ನು ಕೂಡಿಸಿ ಉಣ್ಣಿಸಬೇಕು ಅಂದುಕೊಳ್ಳುತ್ತಿದ್ದೆ.

ವರ್ಷ ಕಳೆಯಿತು, ಇನ್ನೊಂದು ವರ್ಷವೂ ಕಳೆಯಿತು. ಅಕ್ಕನ ಮಂಡಿ ಹಿಡಿದುಕೊಂಡಿತು. "ಹೆಂಗೈತಿ ಇವತ್ತು?" ಎಂದು ಬೆಳಿಗ್ಗೆ ಕೇಳುವುದನ್ನು ಅವಳು ಯಾವಾಗ ಬಿಟ್ಟಳೋ ನನಗೆ ಗೊತ್ತೇ ಆಗಲಿಲ್ಲ.

ಆಗ ಕೊಟ್ಟೂರಿನಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ಡಾಕ್ಟರು ಅವರೇ. ಈ ದಣಿವು ನಿಜ, ಕೆಲವರಲ್ಲಿ ಜ್ವರ ಹೋದರೂ ಇದು ಉಳಿದುಬಿಡುತ್ತದೆ, ಹಟ ಮಾಡಿ ಮೈ ದುಡಿಸಿದರೆ ಇನ್ನಷ್ಟು ಕೆಡುತ್ತದೆ ಎಂದರು. "ದಣಿವಾದ ಮೇಲೆ ಕೂಡೋದಲ್ಲಮ್ಮ, ದಣಿವಾಗೋಕೆ ಮೊದಲೇ ಕೂಡಬೇಕು. ಎಷ್ಟು ಮಾಡಬಹುದು ಅನ್ನಿಸುತ್ತೋ ಅದರಲ್ಲಿ ಅರ್ಧ ಮಾಡಿ." ನಾನು ಅಲ್ಲೇ ಅತ್ತುಬಿಟ್ಟೆ. ಆದರೆ ಒಕ್ಕಲುತನದ ಮನೆಯಲ್ಲಿ ಈ ಮಾತನ್ನು ಪಾಲಿಸುವುದು ಹೇಗೆ? ಕೈಲಿದ್ದ ಕೆಲಸ ಬಿಟ್ಟು ಕೂಡುವವರಿಗೆ ನಮ್ಮಲ್ಲಿ ಬೇರೆಯೇ ಹೆಸರಿದೆ.

ಆದರೂ ಶುರು ಮಾಡಿದೆ. ನಳದಿಂದ ಅರ್ಧ ಕೊಡ ನೀರು ತಂದು ಕಟ್ಟೆಯ ಮೇಲೆ ಕೂಡುತ್ತಿದ್ದೆ. ಎರಡು ರೊಟ್ಟಿ ಬಡಿದು, ಕೈಯಲ್ಲಿ ಇನ್ನೂ ಬಲ ಇರುವಾಗಲೇ ಎದ್ದು ಹೋಗಿ ಮಲಗುತ್ತಿದ್ದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಕೇಳಿ, "ಎರಡು ಬಡದ ಕೈಗೆ ಮೂರನೇದು ಬಡಿಯಾಕ ಏನು ಧಾಡಿ?" ಎಂದಳು. ಮಲಗಿದ್ದ ನನ್ನನ್ನು ಅವಳು ಇಷ್ಟು ದಿನ ಸಹಿಸಿದ್ದಳು. ಎದ್ದು ಓಡಾಡಿ ಮತ್ತೆ ಮಲಗುವವಳನ್ನು ಸಹಿಸಲು ಅವಳಿಂದಾಗಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ತಂಗಿಯ ಕುಬಸವಿತ್ತು. ಬಸುರಿ ತಂಗಿಗೆ ಹೂ ಮುಡಿಸುವಾಗ ಹೋಗದೆ ಇರಲಾಗಲಿಲ್ಲ. ಹೋದೆ, ನಾನೂ ಹಡಗಲಿ ಮಲ್ಲಿಗೆ ಮುಡಿದೆ, ಎಲ್ಲರ ಜೊತೆ ನಕ್ಕೆ. ಊರಿಗೆ ಬಂದು ವಾರವಿಡೀ ಹಾಸಿಗೆ ಬಿಟ್ಟು ಏಳಲಿಲ್ಲ. ಕುಬಸಕ್ಕೆ ಜೊತೆಗೆ ಬಂದಿದ್ದ ಅಕ್ಕ ನನ್ನ ನಗುವನ್ನು ನೋಡಿದ್ದಳು. ಮಜ್ಜಿಗೆ ಗಡಿಗೆ ಎತ್ತಿಡುತ್ತ, ದನಿಯನ್ನೂ ಏರಿಸದೆ ಅಂದಳು: "ನಗಾಕ ಶಕ್ತಿ ಐತಿ, ನೀರು ತರಾಕ ಇಲ್ಲ. ಮೈಗಳ್ಳಿ." ಬೇರೆ ಯಾರಾದರೂ ಅಂದಿದ್ದರೆ ಹಾಸಿಗೆಯಿಂದಲೇ ಅವರ ಜನ್ಮ ಜಾಲಾಡುತ್ತಿದ್ದೆ. ಅಂದವಳು ಅವಳು. ಗೋಡೆ ಕಡೆ ಮಗ್ಗುಲಾದೆ. ಆ ತಿಂಗಳೇ ಒಲೆ ಬೇರೆಯಾಯಿತು. ಹೊಲ ಒಟ್ಟಿಗೇ ಉಳಿಯಿತು, ಅವಳ ಅಡಿಗೆ ಮಾತ್ರ ಹಿಂದಿನ ಕೋಣೆಗೆ ಹೋಯಿತು.

ಒಲೆ ಬೇರೆಯಾದ ಮೇಲೆ ನನ್ನ ಗಂಡ ಹಿಟ್ಟು ನಾದುವುದನ್ನು ಕಲಿತ. ನಾನು ಅರ್ಧ ಮಾಡುವುದು, ಕೂಡುವುದು, ಮತ್ತೆ ಅರ್ಧ. ಹೀಗೇ ತಿಂಗಳುಗಟ್ಟಲೆ. ಆ ಅರ್ಧ ನನಗೇ ತಿಳಿಯದ ಹಾಗೆ ದೊಡ್ಡದಾಗುತ್ತ ಬಂತು. ಒಂದು ಬೆಳಿಗ್ಗೆ ತಲೆ ಬಾಚಿ ಜಡೆ ಹೆಣೆದು ಮುಗಿಸಿದ ಮೇಲೆಯೇ ಗೊತ್ತಾಯಿತು, ನಡುವೆ ಕೈ ಇಳಿಸಿರಲೇ ಇಲ್ಲ. ಶೇಂಗಾ ಕೀಳುವ ದಿನಗಳಲ್ಲಿ ಹೊಲಕ್ಕೂ ಹೋದೆ. ಸಂತೋಷ ಆಗಲಿಲ್ಲವೇ? ಆಯಿತು. ಅಕ್ಕನಿಗೆ ತೋರಿಸಬೇಕು ಅನ್ನುವ ಆಸೆ ಅದಕ್ಕಿಂತ ಹೆಚ್ಚಾಗಿತ್ತು. ಪೂರ್ತಿ ಆರಾಮಾದರೆ, ಇಷ್ಟು ಗಟ್ಟಿ ಹೆಣ್ಣು ಸುಮ್ಮನೆ ಮಲಗುವವಳಲ್ಲ ಎಂದು ಅವಳು ನಂಬುತ್ತಾಳೆ ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಸಂಜೆಯೇ ಅವಳ ಕೋಣೆಗೆ ಹೋದೆ. ಅವಳು ಒಲೆಯ ಮುಂದಿಂದ ಸರಿದು ಕೂತಳು. ನಾನೇ ನಾದಿದೆ, ನಾನೇ ಬಡಿದೆ, ನಾನೇ ಬೇಯಿಸಿದೆ. ನಡುವೆ ಒಂದು ಸಲವೂ ಏಳಲಿಲ್ಲ. ಕೊನೆಯ ರೊಟ್ಟಿ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ಅವಳ ಕಡೆ ತಿರುಗಿದೆ.

ಅಕ್ಕನ ಕಣ್ಣು ತುಂಬಿದ್ದವು. "ಆಗ್ತಿತ್ತಲ್ಲ ನಿನಗ," ಎಂದಳು. "ಕುಂತಲ್ಲೇ ಇಷ್ಟು ಬಡದಿ. ಮತ್ತ ಅವಾಗ ಯಾಕ ನನ್ನ ಅಷ್ಟು ದುಡಿಸಿದಿ ಲೇ?"

"ಅವಾಗ ಆಗ್ತಿರಲಿಲ್ಲಕ್ಕ."

"ಕೈ ಅವೇ ಅದಾವಲ್ಲ," ಎಂದಳು.

ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವಳು ನೊಂದು ಅಂದಳು. ರೊಟ್ಟಿ ಮುರಿದು ಅವಳ ತಾಟಿಗಿಟ್ಟೆ.

ಅವಳ ಕೈ ಕೂಡುವ ತನಕ ದಿನಾ ಹೋಗಿ ಬಡಿದುಕೊಟ್ಟೆ. ಉಂಡಳು. ಆದರೆ ನಾನು ಬಡಿದಷ್ಟೂ ಅವಳ ಅನುಮಾನ ಗಟ್ಟಿಯಾಗುತ್ತಿತ್ತು. ಮೈ ಚೆನ್ನಾದಷ್ಟೂ ನಾನು ಅವಳ ಕಣ್ಣಲ್ಲಿ ಸುಳ್ಳಿಯಾಗುತ್ತ ಹೋದೆ. ಒಂದು ಸಂಜೆ ಅವಳ ಹೊಸ್ತಿಲಲ್ಲಿ ನಿಂತು ದೇವರನ್ನು ಬೇಡಿಕೊಂಡೆ: ಆ ಸುಸ್ತನ್ನು ಇನ್ನೊಂದು ಸಲ ಕೊಡು, ಇವಳ ಕಣ್ಣೆದುರಿಗೇ ನನ್ನನ್ನು ಕೆಡವು. ಮರುದಿನ ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು.