ಬಸಣ್ಣನ ಕಿವಿ

ಬಸಣ್ಣ, ನಿಮ್ಮ ಕಿವಿ ಕೆಟ್ಟಿರಲಿಲ್ಲ. ಆ ಭಾನುವಾರ ಪಿಟೀಲಿನ ದನಿ ಕೆಡಿಸಿದವನು ನಾನು.

ಇಷ್ಟು ವರ್ಷ ಹೇಳಲಿಲ್ಲ. ಈಗ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹಳೆಯ ಪಿಟೀಲು ರಿಪೇರಿಯ ಹುಚ್ಚು ನಿಮಗೆ ಹಿಡಿಸಿದವನೇ ನಾನು. ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಭಾನುವಾರ ಬಂದರೆ ಪಿಟೀಲು. ಅಂಟು ಕಾಯಿಸುವುದನ್ನು, ತೆಳು ಚಾಕುವಿನಿಂದ ಮೇಲಿನ ಹಲಗೆ ಬಿಡಿಸುವುದನ್ನು ನನ್ನಿಂದ ಕಲಿತಿರಿ. ಎರಡೇ ವರ್ಷಕ್ಕೆ ಜನ ನನ್ನ ಬಾಗಿಲು ದಾಟಿ ನಿಮ್ಮ ಬಾಗಿಲು ತಟ್ಟತೊಡಗಿದರು. ಸಿಕಂದರಾಬಾದಿನ ಹಳೇ ಸಾಮಾನಿನ ಅಂಗಡಿಯಿಂದ ತಂದು, ವರ್ಷವಿಡೀ ಹೆಣಗಿ, ಒಲೆಗೇ ಸೈ ಎಂದು ನಾನು ಬಿಸಾಡಿದ್ದ ಪಿಟೀಲನ್ನು ನೀವು ಕೇಳಿ ಪಡೆದಿರಿ. ಮೂರು ತಿಂಗಳ ನಂತರ ಒಂದು ಶನಿವಾರ ಸಂಜೆ ಅದರ ಮೇಲೆ ಕಮಾನು ಎಳೆದಿರಿ. ಅಂಥ ದನಿ—ನನ್ನ ಕೈಯಲ್ಲಿ ಒಂದಕ್ಕೂ ಬಂದಿರಲಿಲ್ಲ. "ಭಾಳ ಛಲೋ ಐತಿ" ಎಂದೆ. ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ.

ಮರುದಿನ ಬೆಳಿಗ್ಗೆ, ಅದನ್ನು ನುಡಿಸಿ ನೋಡಲು ಬರುತ್ತಿದ್ದ ತೆಲುಗು ಮಾತಾಡುವ ಸಂಗೀತದ ಮೇಷ್ಟ್ರನ್ನು ಕರೆತರಲು ನೀವು ಬಸ್ ಸ್ಟಾಪಿಗೆ ಹೋದಿರಿ; ನಾನು ನಿಮ್ಮ ಮನೆಯಲ್ಲೇ ಕೂತಿದ್ದೆ. ನಿಮ್ಮ ಮನೆಯವರು, ಗಂಗಕ್ಕ, ಚಹಾಕ್ಕೆ ನೀರಿಡುತ್ತ, "ನನಗ ನಡ ನೋಯಾಕತ್ತಿ ತಿಂಗಳಾತು, ಕೇಳೋರಿಲ್ಲ. ಪಿಟೀಲು ಕೆಮ್ಮಿದ್ರ ಸಾಕು, ಓಡಿ ಬರ್ತಾರ!" ಎಂದು ನಕ್ಕರು. ನಾನೂ ನಕ್ಕೆ. ಪಿಟೀಲು ಎತ್ತಿಕೊಂಡೆ. ಅದರ ಹೊಟ್ಟೆಯೊಳಗೆ, ಎರಡು ಹಲಗೆಗಳ ನಡುವೆ, ಅಂಟಿಲ್ಲದೆ ಬರೀ ಒತ್ತಿಗೆ ನಿಲ್ಲುವ ಮರದ ಕಡ್ಡಿ—ಅದನ್ನು ದನಿ ಕೇಳಿ ಕೇಳಿಯೇ ಕೂರಿಸಬೇಕು; ಚೂರು ಸರಿದರೂ ದನಿ ಕೆಡುತ್ತದೆ. ನಿಮಗೆ ಎಂಟು ದಿನ ಹಿಡಿದಿತ್ತು. ಬಾಗಿದ ಕಬ್ಬಿಣದ ಕಂಬಿಯನ್ನು ಮೇಲಿನ ಹಲಗೆಯ ತೂತಿನೊಳಗೆ ತೂರಿಸಿ ಆ ಕಡ್ಡಿಯನ್ನು ಅಕ್ಕಿಕಾಳಿನಷ್ಟು ನೂಕಿದೆ. ಕೈ ಜಾರಲಿಲ್ಲ. ಬೇಕೆಂದೇ ನೂಕಿದೆ.

ಮೇಷ್ಟ್ರು ಕಮಾನು ಎಳೆದರು. ದನಿ ಗಡಿಗೆಯೊಳಗಿಂದ ಬಂದಂತಿತ್ತು. "ದೀನಿಕಿ ಜಲುಬು ಚೇಸಿಂದಾ ಏಮಂಡಿ?"—ಇದಕ್ಕೇನು ನೆಗಡಿಯೇ ಎಂದು ಅವರು ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನೀವು ನಗಲಿಲ್ಲ. "ಈರಣ್ಣ, ನಿನ್ನೆ ನೀನೂ ಕೇಳಿದೆಲ್ಲೋ. ಹಿಂಗಿತ್ತೇನು?"

ಆಗಲಾದರೂ ನಾನು—

"ನಿನ್ನೇನೂ ಹಿಂಗ ಇತ್ತು, ಬಸಣ್ಣ. ನಿಮಗ ಬ್ಯಾಸರ ಆಗಬಾರದಂತ ಛಲೋ ಐತಿ ಅಂದೆ."

ಕಡ್ಡಿ ನೂಕಿದ್ದಕ್ಕಿಂತ ಈ ಮಾತು ಕೆಟ್ಟದ್ದು. ಇಪ್ಪತ್ತು ವರ್ಷ ಕಾರ್ಖಾನೆಯ ಪ್ರೆಸ್ ಯಂತ್ರಗಳ ಸದ್ದಿನಲ್ಲಿ ದುಡಿದವರು ನೀವು. "ಹಂಗಾರ ಮಷೀನು ನನ್ನ ಕಿವಿ ತಿಂದಾವು" ಎಂದಿರಿ. ಅಷ್ಟೇ. ಮತ್ತೆ ಯಾವ ಪಿಟೀಲನ್ನೂ ತೆರೆಯಲಿಲ್ಲ. ಉಳಿ, ಚಾಕು, ಅಂಟಿನ ಪಾತ್ರೆ, ಆ ಪಿಟೀಲು—ಎಲ್ಲ ತಂದು ನನಗೇ ಕೊಟ್ಟಿರಿ. ಕಡ್ಡಿ ನಿಲ್ಲಬೇಕಾದ ಜಾಗಕ್ಕೆ ಒಳಗೆ ನೀವು ಪೆನ್ಸಿಲಿನಿಂದ ಗುರುತು ಮಾಡಿದ್ದಿರಿ. ಒಮ್ಮೆ ಇಣುಕಿದ್ದರೆ ತಿಳಿಯುತ್ತಿತ್ತು. ನನ್ನ ಮಾತು ಕೇಳಿದ ಮೇಲೆ ಇಣುಕುವ ಅಗತ್ಯವೇ ನಿಮಗೆ ಕಾಣಲಿಲ್ಲ.

ಕಡ್ಡಿಯನ್ನು ಆ ಗುರುತಿಗೆ ವಾಪಸ್ ಸರಿಸಿದೆ. ಪಿಟೀಲು ಹಾಡಿತು. ನೀವೇ ಬಂದು ಕೇಳಿ, "ನಿನ್ನ ಕೈಯಾಗ ಬದುಕ್ತು ನೋಡೋ" ಎಂದು ಬೆನ್ನು ತಟ್ಟಿದಿರಿ. ಆಗಲೂ ಹೊಟ್ಟೆಕಿಚ್ಚು ಆರಲಿಲ್ಲ—ಇನ್ನೊಬ್ಬನ ಕೆಲಸವನ್ನು ಹಾಗೆ ಮನಸಾರೆ ಹೊಗಳಲು ನಿಮಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮಿಯಾಪುರದ ನಿಮ್ಮ ಈಗಿನ ಮನೆಗೆ ಬಂದು, ಗಂಗಕ್ಕನ ಎದುರಿಗೇ ಓದುತ್ತೇನೆ. ಸಣ್ಣ ದನಿಯಲ್ಲೇ ಓದುತ್ತೇನೆ. ನಿಮಗೆ ಕೇಳಿಸುತ್ತದೆ.